ಎಡಗೈಯ ಮಚ್ಚು

ಮಚ್ಚು ಕಡಿಯುತ್ತಿಲ್ಲ ಎಂದು ಯಾರಾದರೂ ತಂದರೆ ಕಲ್ಲಕ್ಕ ಮೊದಲು ಮಚ್ಚನ್ನು ನೋಡುತ್ತಿರಲಿಲ್ಲ. ತಂದವನ ಕೈ ನೋಡುತ್ತಿದ್ದಳು. ಬೊಬ್ಬೆ ಹೆಬ್ಬೆರಳಿನ ಬುಡದಲ್ಲಿದೆಯೋ ಕಿರುಬೆರಳಿನ ಕೆಳಗಿದೆಯೋ, ಅಷ್ಟು ಕಂಡರೆ ಅರ್ಧ ಕಾಯಿಲೆ ಗೊತ್ತಾಯಿತು ಎನ್ನುತ್ತಿದ್ದಳು. ಉಳಿದರ್ಧ ಮಚ್ಚೇ ಹೇಳುತ್ತಿತ್ತು.

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಪ್ಪತ್ತೆರಡು ವರ್ಷ ಮಸೆಯುವ ಕಲ್ಲಿನ ಮುಂದೆ ಕೂತವಳಿಗೆ ಬೇರೆ ಹೆಸರು ಯಾಕೆ ಬೇಕು? ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಕಲ್ಲಕ್ಕ ಎಂದೇ ಕರೆಯುತ್ತಿದ್ದರು.

ನಮ್ಮದು ಕರೆಂಟು ತಂತಿಯ ಕೆಳಗೆ ಬೆಳೆಯುವ ಪೊದೆ, ಕೊಂಬೆ ಸವರುವ ಕೆಲಸ. ಇಪ್ಪತ್ತಾರು ಜನ. ಬೆಳಿಗ್ಗೆ ಶೆಡ್ಡಿನಿಂದ ಮಚ್ಚು ತೆಗೆದುಕೊಂಡು ಲಾರಿ ಹತ್ತಬೇಕು, ಸಂಜೆ ತಂದು ಒಪ್ಪಿಸಬೇಕು. ತಗಡಿನ ಸೂರು, ಗಾರೆ ಕಾಣದ ಇಟ್ಟಿಗೆ ಗೋಡೆ, ಗೋಡೆಗೆ ಸಾಲಾಗಿ ಹೊಡೆದ ಮೊಳೆಗಳು, ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನಲ್ಲಿ ನೀರು. ಡ್ರಮ್ಮಿನ ಪಕ್ಕ ಒಂದು ಒರಟು ಕಲ್ಲು, ಒಂದು ನಯ ಕಲ್ಲು. ನಡುವೆ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಕಲ್ಲಕ್ಕ. ಅವಳ ಗಂಡ ಇದೇ ಗ್ಯಾಂಗಿನಲ್ಲಿದ್ದ. ತಂತಿ ತಗುಲಿ ಮರದ ಮೇಲೇ ಸತ್ತ. ಹೆಂಗಸು ಮರ ಹತ್ತುವುದಿಲ್ಲ ಎಂದು ಅವನ ಜಾಗ ಅವಳಿಗೆ ಕೊಡಲಿಲ್ಲ. ಮೂರು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿನ ಬಾಗಿಲಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ಈ ಕಲ್ಲು ತೋರಿಸಿದರು, ಅದೂ ದಿನಗೂಲಿಗೆ. ಕಾಯಂ ಮಾಡುತ್ತೇವೆ ಎಂದು ಅವತ್ತು ಹೇಳಿದ ಸಾಹೇಬ ನಿವೃತ್ತನಾಗಿ, ಸತ್ತು, ಅವನ ಫೋಟೋಗೆ ಹಾಕಿದ ಹಾರವೂ ಒಣಗಿತು.

ಮಸೆಯುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಬೈಸಿಕೊಂಡು ಕಲಿತಳು, ಆಮೇಲೆ ಬೈದು ಕಲಿಸಿದಳು. ಒಮ್ಮೆ ಹೊಸಬನೊಬ್ಬ, ಮೀಸೆ ತಿರುವುವ ಆಸಾಮಿ, ಮಚ್ಚು ತಂದು ಅವಳ ಮುಂದೆ ಎಸೆದ.

"ಅಕ್ಕ, ಒಂದು ಗಂಟೆ ಉಜ್ಜಿದ್ದೀನಿ. ಬೆಣ್ಣೆ ಕೂಡ ಕುಯ್ಯಲ್ಲ ಇದು. ಕಬ್ಬಿಣಾನೇ ಸರಿ ಇಲ್ಲ."

ಕಲ್ಲಕ್ಕ ಒಂದು ಚೂರು ಇದ್ದಿಲು ತೆಗೆದು ಅಲಗಿನ ಉದ್ದಕ್ಕೂ ಮಸಿ ಬಳಿದಳು.

"ಈಗ ನನ್ನ ಮುಂದೆ ನಾಲ್ಕು ಸಲ ಉಜ್ಜು. ಹೂಂ. ಮಸಿ ಎಲ್ಲಿ ಹೋಯ್ತು?"

"ಮೇಲ್ಗಡೆ."

"ಎಲ್ಲಿ ಉಳೀತು?"

ಅವನು ಬಗ್ಗಿ ನೋಡಿದ. "ಬಾಯಲ್ಲಿ."

"ಒಂದು ಗಂಟೆ ಹೊತ್ತು ನೀನು ಅದಕ್ಕೆ ಬೆನ್ನು ತಿಕ್ಕಿ ಸ್ನಾನ ಮಾಡಿಸಿದ್ದೀಯ ಮಾರಾಯ. ಬಾಯಿಗೆ ಕಲ್ಲೇ ಮುಟ್ಟಿಲ್ಲ. ಬೆನ್ನು ಇನ್ನೊಂದು ಬೆರಳು ಮೇಲೆತ್ತಿ ಹಿಡಿ. ಮೀಸೆ ಇಳಿಸಿದ್ರೂ ನಡೆಯುತ್ತೆ."

ಮಚ್ಚಿನ ಕಡಿಯುವ ಅಂಚಿಗೆ ನಾವು ಬಾಯಿ ಎನ್ನುತ್ತೇವೆ. ಬಾಯಿ ಹೋಗುವುದಕ್ಕೆ ನೂರು ಕಾರಣ. ಮಸೆದ ತಕ್ಷಣ ಹರಿತವಿದ್ದು ಎರಡು ಏಟಿಗೆ ಮೊಂಡಾದರೆ, ಕೂದಲಿನಷ್ಟು ಕಬ್ಬಿಣ ಅಂಚಿನಲ್ಲಿ ಮಡಚಿಕೊಂಡಿದೆ ಎಂದು ಅರ್ಥ. ಅವಳು ಉಗುರನ್ನು ಅಡ್ಡಡ್ಡ ಎಳೆದು ಅದನ್ನು ಹಿಡಿಯುತ್ತಿದ್ದಳು, ಒಣಗಿದ ಮರದ ತುಂಡಿನ ಮೇಲೆ ಎರಡು ಸಲ ಸವರಿ ಉದುರಿಸುತ್ತಿದ್ದಳು. ಅಂಚು ಹಲ್ಲುಹಲ್ಲಾಗಿ ಮುರಿದಿದ್ದರೆ, "ಹರಿತ ಬೇಕು ಅಂತ ಹಾಳೆ ತರ ತೆಳ್ಳಗೆ ಮಾಡಿದ್ದೀಯ, ಆಮೇಲೆ ಕಲ್ಲಿಗೆ ಹೊಡೆದಿದ್ದೀಯ, ಎರಡೂ ನೀನೇ ಮಾಡಿ ಬೈಗುಳ ಮಾತ್ರ ನನಗೆ" ಎನ್ನುತ್ತಿದ್ದಳು. ಕೆಲವೊಮ್ಮೆ ಮಚ್ಚಿಗೆ ಏನೂ ಆಗಿರುತ್ತಿರಲಿಲ್ಲ. ಕಲ್ಲಿನ ಮೈಗೆ ಕಬ್ಬಿಣದ ಪುಡಿ ಮೆತ್ತಿಕೊಂಡು ಗಾಜಿನಂತಾಗಿರುತ್ತಿತ್ತು. ಆಗ ಕಲ್ಲನ್ನೇ ಮರಳು ಹಾಕಿ ತಿಕ್ಕುತ್ತಿದ್ದಳು.

ಒಂದು ಸಲ ಮೇಸ್ತ್ರಿ ಕರೆಂಟಿನ ಸಾಣೆಚಕ್ರ ತರಿಸಿದ. ಕಿಡಿ ಹಾರಿದ್ದೇ ಹಾರಿದ್ದು, ನಿಮಿಷಕ್ಕೆ ಒಂದು ಮಚ್ಚು. ಕಲ್ಲಕ್ಕ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚು ನೀಲಿಗಟ್ಟಿದ್ದನ್ನು ತೋರಿಸಿದಳು. "ಸುಟ್ಟುಹೋಯ್ತು. ಇದರ ಹದ ಸತ್ತಿದೆ. ಇನ್ನು ಇದನ್ನ ಬಾಗಿಲಿಗೆ ಆನಿಸೋಕೆ ಇಟ್ಕೊಳ್ಳಿ." ಮೇಸ್ತ್ರಿ ಚಕ್ರಕ್ಕೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳಿದ. ಆದರೆ ಆ ಮಾತನ್ನು ಮರೆಯಲಿಲ್ಲ.

ಗ್ಯಾಂಗಿನಲ್ಲಿ ಒಬ್ಬನೇ ಎಡಗೈಯವನಿದ್ದ. ಎಲ್ಲರೂ ಅವನನ್ನು ಎಡಚ ಎನ್ನುತ್ತಿದ್ದರು. ಕಲ್ಲಕ್ಕನ ಮಗಳು ದೊಡ್ಡವಳಾಗಿ ಅವನನ್ನೇ ಮದುವೆಯಾದಳು. ಹಾಗಾಗಿ ಕಲ್ಲಕ್ಕನಿಗೆ ಎರಡು ನಾಲಿಗೆ ಬೇಕಾಯಿತು. ಮನೆಯಲ್ಲಿ ಅಳಿಯನಿಗೆ, "ನೀವು ಊಟಕ್ಕೆ ಬನ್ನಿ." ಶೆಡ್ಡಿನಲ್ಲಿ, "ಲೋ ಎಡಚ, ಮಚ್ಚು ಒರೆಸಿ ಇಡೋಕೆ ನಿಮ್ಮಪ್ಪ ಬರ್ತಾನಾ?" ಶೆಡ್ಡಿನದ್ದೇ ತನಗೆ ಚೆಂದ ಎನ್ನುತ್ತಿದ್ದ ಅವನು. 'ನೀವು' ಅಂದರೆ ಅತ್ತೆ ಏನೋ ಬಚ್ಚಿಡುತ್ತಿದ್ದಾಳೆ ಅನ್ನಿಸುತ್ತದಂತೆ.

ನಮ್ಮ ಕೆಲಸದ ಮಚ್ಚನ್ನು ಒಂದೇ ಮಗ್ಗುಲು ಮಸೆಯುತ್ತಾರೆ. ಬಲಮಗ್ಗುಲು ಓರೆ, ಎಡಮಗ್ಗುಲು ಚಪ್ಪಟೆ. ಬಲಗೈಯವನು ಓರೆಯಾಗಿ ಬೀಸಿದರೆ ಚಪ್ಪಟೆ ಮೈ ಕೆಳಗೆ ಬರುತ್ತದೆ, ಬಾಯಿ ಕಾಂಡವನ್ನು ಕಚ್ಚಿ ಒಳಗೆ ಇಳಿಯುತ್ತದೆ. ಅದೇ ಮಚ್ಚನ್ನು ಎಡಗೈಗೆ ಕೊಡಿ, ಓರೆ ಕೆಳಗಾಗುತ್ತದೆ. ಕಚ್ಚುವುದಿಲ್ಲ. ಜಾರುತ್ತದೆ. ಎಲ್ಲಿಗೆ ಜಾರುತ್ತದೆ ಎಂದರೆ, ಕಾಂಡದ ಕೆಳಗೆ ಇರುವುದು ಕಡಿಯುವವನ ಕಾಲು. ಅದಕ್ಕೇ ಕಲ್ಲಕ್ಕ ಎಡಚನ ಮಚ್ಚನ್ನು ಎಡಮಗ್ಗುಲು ಮಸೆದು, ಹಿಡಿಗೆ ಕೆಂಪು ಬಟ್ಟೆ ಸುತ್ತಿ ಬೇರೆ ಮೊಳೆಗೆ ನೇತುಹಾಕುತ್ತಿದ್ದಳು. ಅಳಿಯನಾಗುವ ಮೊದಲಿನಿಂದಲೂ ಹಾಗೆಯೇ. ಉಲ್ಟಾ ಮಚ್ಚು ಎಂದು ಜನ ನಗುತ್ತಿದ್ದರು.

ಇನ್ನು ನಮ್ಮ ಹೋರಾಟದ ಮಾತು. ಮೇಸ್ತ್ರಿ ತನ್ನ ಚೇಲಾಗಳಿಗೆ ಹೊಸ ಮಚ್ಚು, ನಮ್ಮ ಕಾರ್ಮಿಕ ಸಂಘದವರಿಗೆ ತುಕ್ಕು ಹಿಡಿದ ಮಚ್ಚು ಕೊಡುತ್ತಿದ್ದ. ಆಫೀಸಿನ ಮುಂದೆ ಎಂಟು ದಿನ ಧರಣಿ ಕೂತೆವು. ಐದು ಬೇಡಿಕೆ. ಮೂರನೆಯದು ಹೀಗಿತ್ತು: ಎಲ್ಲ ಕಾರ್ಮಿಕರಿಗೂ ಒಂದೇ ರೀತಿಯ ಹತ್ಯಾರ ಕೊಡಬೇಕು, ಯಾರಿಗೂ ಪ್ರತ್ಯೇಕ ಹತ್ಯಾರ ಇರಕೂಡದು. ಸಂಘದ ಕಾಗದಪತ್ರ ಬರೆಯುತ್ತಿದ್ದವನು ನಾನು, ಇದನ್ನು ಬರೆದವನೂ ನಾನೇ. ಘೋಷಣೆ ಕೂಗಲು ಚೆನ್ನಾಗಿತ್ತು.

ಎರಡನೇ ದಿನ ಕಲ್ಲಕ್ಕ ಟೆಂಟಿಗೆ ಬಂದು ಪಟ್ಟಿ ಓದಿಸಿಕೊಂಡಳು.

"ಮೂರನೇದು ತೆಗೀರಿ."

"ಯಾಕಕ್ಕ?" ಎಂದ ಸಂಘದ ಅಧ್ಯಕ್ಷ.

"ಮೇಸ್ತ್ರಿ ಮೇಲೆ ಸಿಟ್ಟಿದ್ರೆ ಮೇಸ್ತ್ರಿ ಮೇಲೆ ಬರೀರಿ. ಮಚ್ಚಿನ ಮೇಲೆ ಯಾಕೆ ಕಾನೂನು? ಕೈಗಳೇ ಒಂದೇ ರೀತಿ ಇಲ್ಲ. ಹತ್ಯಾರ ಹೇಗೆ ಒಂದೇ ರೀತಿ ಇರುತ್ತೆ?"

"ಅಳಿಯನ ಸ್ಪೆಷಲ್ ಮಚ್ಚು ಹೋಗುತ್ತೆ ಅಂತ ಅತ್ತೆಗೆ ಹೊಟ್ಟೆಯುರಿ ಕಣ್ರಪ್ಪ" ಎಂದ ಅಧ್ಯಕ್ಷ. ಟೆಂಟಿಗೆ ಟೆಂಟೇ ನಕ್ಕಿತು. ಎಡಚನೂ ನಕ್ಕ. ಸಮಾನತೆ ಎಂದರೆ ಏನು ಎಂದು ನಾನು ಅವಳಿಗೆ ಐದು ನಿಮಿಷ ಭಾಷಣ ಮಾಡಿದೆ. ಕೇಳಿಸಿಕೊಂಡಳು. "ಸರಿ, ನೀವು ಓದಿದವರು" ಎಂದು ಎದ್ದು ಹೋದಳು.

ಐದರಲ್ಲಿ ನಾಲ್ಕನ್ನು ಆಫೀಸಿನವರು ಪರಿಶೀಲಿಸುತ್ತೇವೆ ಎಂದರು. ಮೂರನೆಯದನ್ನು ಪೂರ್ತಿ ಒಪ್ಪಿಕೊಂಡರು. ಅವರ ಗಂಟೇನೂ ಹೋಗುವಂತಿರಲಿಲ್ಲ. ನಾವು ಪಟಾಕಿ ಹೊಡೆದೆವು.

ಆದೇಶ ಬಂತು. ಹಿಡಿಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬಂತು. ಕೆಂಪು ಬಟ್ಟೆ ಕಿತ್ತುಹಾಕಿದರು. ಸಾಲಿನಲ್ಲಿ ನಿಂತವನಿಗೆ ಯಾವ ನಂಬರು ಬಂತೋ ಅದು. ಎಲ್ಲವೂ ಬಲಮಗ್ಗುಲು ಮಸೆದದ್ದೇ ಇರಬೇಕು. ಎರಡೂ ಮಗ್ಗುಲು ಸ್ವಲ್ಪ ಸ್ವಲ್ಪ ಮಸೆಯುತ್ತೇನೆ, ಅಷ್ಟು ಚೆನ್ನಾಗಿ ಕಚ್ಚುವುದಿಲ್ಲ, ಆದರೆ ಯಾವ ಕೈಗೂ ಜಾರುವುದಿಲ್ಲ ಎಂದು ಕಲ್ಲಕ್ಕ ಮೇಸ್ತ್ರಿಯನ್ನು ಕೇಳಿದಳು.

"ಆದೇಶದಲ್ಲಿ ಒಂದು ಮಗ್ಗುಲು ಅಂತಿದೆ ಕಲ್ಲಕ್ಕ. ನಾನೇನು ಕೇಳಿದ್ನಾ? ನಿಮ್ಮ ಸಂಘದವರೇ ಕೇಳಿ ತಗೊಂಡಿದ್ದು."

ಅವಳು ಹತ್ತೊಂಬತ್ತನೇ ನಂಬರನ್ನು ಮಾತ್ರ ಕಳ್ಳತನದಿಂದ ಎಡಮಗ್ಗುಲು ಮಸೆದಿಟ್ಟಳು. ಯಾರಿಗೆ ಹತ್ತೊಂಬತ್ತು ಬರುತ್ತದೋ ಅವರು ಲಾರಿಯಲ್ಲಿ ಎಡಚನ ಜೊತೆ ಬದಲಾಯಿಸಿಕೊಳ್ಳುತ್ತಿದ್ದರು. ಐದು ತಿಂಗಳು ಹಾಗೆ ನಡೆಯಿತು. ಆಮೇಲೊಂದು ಬೆಳಿಗ್ಗೆ ಗ್ಯಾಂಗನ್ನು ಎರಡು ಲಾರಿಗೆ ಹಂಚಿದರು. ಹತ್ತೊಂಬತ್ತು ಒಂದು ಲಾರಿಯಲ್ಲಿ ಹೋಯಿತು. ಎಡಚ ಇನ್ನೊಂದರಲ್ಲಿ, ಕೈಯಲ್ಲಿ ಏಳನೇ ನಂಬರು.

"ಇದು ನನ್ನ ಕೈಗೆ ಆಗಲ್ಲ" ಎಂದ.

"ಒಂದೇ ರೀತಿ ಬೇಕು ಅಂತ ಎಂಟು ದಿನ ಕೂತಿದ್ದು ನೀವೇ ಅಲ್ವೇನಪ್ಪ?" ಎಂದ ಮೇಸ್ತ್ರಿ. "ಲಾರಿ ಹತ್ತು, ಹತ್ತು."

ಹತ್ತಿದ. ಹನ್ನೊಂದು ಗಂಟೆ ಹೊತ್ತಿಗೆ ತೋಳು ದಪ್ಪದ ಕಾಂಡಕ್ಕೆ ಬೀಸಿದ. ಮಚ್ಚು ಕಾಂಡದ ಮೈಮೇಲೆ ಜಾರಿ ಬಲಮಂಡಿಯ ಕೆಳಗೆ ಬಂತು. ಕಾಲು ಉಳಿಯಿತು. ನರ ಉಳಿಯಲಿಲ್ಲ. ಇವತ್ತಿಗೂ ಆ ಪಾದ ಮೇಲೇಳುವುದಿಲ್ಲ, ನೆಲ ಗುಡಿಸಿಕೊಂಡು ಬರುತ್ತದೆ.

ಮಚ್ಚನ್ನು ಗೋಣಿಯಲ್ಲಿ ಸುತ್ತಿ ಶೆಡ್ಡಿಗೆ ತಂದು ಹಾಕಿದ್ದರು. ಮಾರನೇ ದಿನ ಆಸ್ಪತ್ರೆಯಿಂದ ನೇರ ಶೆಡ್ಡಿಗೆ ಬಂದ ಕಲ್ಲಕ್ಕ ಅಧ್ಯಕ್ಷನನ್ನೂ ನನ್ನನ್ನೂ ಕರೆಸಿದಳು. ಅತ್ತಿರಲಿಲ್ಲ. ಗೋಣಿ ಬಿಚ್ಚಿ, ಅಂಚಿನ ಮೇಲೆ ಉಗುರು ಎಳೆದಳು, ಮಡಚಿಲ್ಲ. ಬೆಳಕಿಗೆ ಹಿಡಿದಳು, ಹಲ್ಲು ಮುರಿದಿಲ್ಲ. ಮಸಿ ಬಳಿದು ಕಲ್ಲಿಗೆ ಎರಡು ಸಲ ಎಳೆದಳು, ಬಾಯಿಯಿಂದ ಓರೆ ಮುಗಿಯುವ ಹೆಗಲಿನವರೆಗೂ ಮಸಿ ಸಮನಾಗಿ ಹೋಯಿತು. ಆಮೇಲೆ ಮರದ ದಿಮ್ಮಿಗೆ ಬಲಗೈಯಲ್ಲಿ ಒಂದು ಏಟು ಹಾಕಿದಳು. ಕಚ್ಚಿ ನಿಂತಿತು. ಕಿತ್ತು, ಕಾಲು ಅಗಲ ಮಾಡಿ, ಎಡಗೈಯಲ್ಲಿ ಒಂದು ಹಾಕಿದಳು. ಸರ್ರನೆ ಜಾರಿ ನೆಲಕ್ಕೆ ಹೊಡೆಯಿತು.

"ಮಚ್ಚಿಗೆ ಕಾಯಿಲೆ ಇಲ್ಲ. ಕೈ ಬದಲಾಗಿದೆ. ವಿಚಾರಣೆಗೆ ಬರೋ ಆಫೀಸರ್ ಮುಂದೆ ಇದನ್ನೇ ಮಾಡಿ ತೋರಿಸ್ತೀನಿ."

ಅಧ್ಯಕ್ಷ ನನ್ನ ಮುಖ ನೋಡಿದ. ಆ ವಾರವೇ ಹದಿನೆಂಟು ದಿನಗೂಲಿಗಳನ್ನು ಕಾಯಂ ಮಾಡುವ ಮಾತುಕತೆ ಇತ್ತು. ಪಟ್ಟಿಯಲ್ಲಿ ಕಲ್ಲಕ್ಕನ ಹೆಸರೂ ಇತ್ತು, ಎಡಚನದ್ದೂ ಇತ್ತು.

"ಅಕ್ಕ, ಎಡಗೈ ಅಂತ ಬಾಯಿಬಿಟ್ರೆ ಮೂರನೇ ಬೇಡಿಕೆ ಯಾರದು ಅಂತ ಕೇಳ್ತಾರೆ. ನಮ್ಮ ಕುತ್ತಿಗೆಗೇ ಬರುತ್ತೆ. ಎಡಗೈಯವನು ಈ ಕೆಲಸಕ್ಕೇ ನಾಲಾಯಕ್ಕು ಅಂತ ಅವನನ್ನೂ ಮನೆಗೆ ಕಳಿಸ್ತಾರೆ. ಅದೇ ಮಸೆದದ್ದರ ತಪ್ಪು ಅಂತಾದ್ರೆ, ಅವನಿಗೆ ಕ್ಯಾಂಟೀನಲ್ಲಿ ಕೂತು ತರಕಾರಿ ಹೆಚ್ಚೋ ಕೆಲಸ ಕೊಡೋಕೆ ಒಪ್ಪಿದ್ದಾರೆ. ಮಸೆಯೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬಹುದು ಅನ್ನು. ಸಾಕು" ಎಂದ ಅಧ್ಯಕ್ಷ.

"ಹೆಚ್ಚಾಗಿತ್ತಾ, ಕಮ್ಮಿ ಆಗಿತ್ತಾ?"

"ಸುಮ್ನೆ ಮಾತಿಗೆ ಅಕ್ಕ."

"ಮಾತಿಗೆ ಅಂತ ನಾನು ಯಾವತ್ತೂ ಮಸೆದಿಲ್ಲ." ಮಚ್ಚನ್ನು ಮೊಳೆಗೆ ಹಾಕಿದಳು. "ಇಪ್ಪತ್ತೆರಡು ವರ್ಷಕ್ಕೆ ನನ್ನ ಹತ್ರ ಇರೋದು ಅದೊಂದೇ. ಕಲ್ಲಕ್ಕ ಮಸೆದಿದ್ದು ಅಂದ್ರೆ ಯಾರೂ ಎರಡನೇ ಸಲ ನೋಡಲ್ಲ. ಅದನ್ನೂ ಕೇಳ್ತೀರಲ್ಲ."

"ನಿನ್ನ ಮಗಳ ತಟ್ಟೆಯ ಅನ್ನ ಅಕ್ಕ ಇದು" ಎಂದೆ. ಹೌದು, ನಾನೇ ಅಂದದ್ದು. ಎಂತೆಂಥ ಅಧಿಕಾರಿಗಳ ಬಾಯಿ ಮುಚ್ಚಿಸಿದ್ದೇವೆ ಎಂದು ಮೀಸೆ ತಿರುವುತ್ತಿದ್ದವರು ನಾವು. ಅವತ್ತು ಮುಚ್ಚಿಸಿದ್ದು ಇವಳ ಬಾಯಿಯನ್ನು.

ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ಎಡಚನಿಗೆ ಏಳನೇ ನಂಬರು ಕೊಟ್ಟು ಹತ್ತಿಸಿದವನು ತಾನೇ ಆದ್ದರಿಂದ ಮೇಸ್ತ್ರಿಯೂ ಎಡಗೈಯ ಮಾತು ಎತ್ತಲಿಲ್ಲ. ಕೋಲು ಊರಿಕೊಂಡು ಬಂದ ಎಡಚನನ್ನು ಆಫೀಸರ್ ಕೇಳಿದ, "ಯಾವ ಕೈಯಲ್ಲಿ ಕೆಲಸ ಮಾಡ್ತೀರಿ?" ಎಡಚ ನಮ್ಮ ಕಡೆ ನೋಡಿದ, ಅತ್ತೆಯ ಕಡೆ ನೋಡಲಿಲ್ಲ. "ಬಲಗೈ ಸಾರ್." ಹೇಳಿಕೆಗೆ ಬಲಗೈಯಲ್ಲೇ ಸಹಿ ಹಾಕಿದ. ಚಿಕ್ಕಂದಿನಲ್ಲಿ ಮೇಷ್ಟ್ರು ಎಡಗೈಗೆ ಬೆತ್ತದಲ್ಲಿ ಬಾರಿಸಿ ಬಲಗೈಯಲ್ಲಿ ಬರೆಯುವುದು ಕಲಿಸಿದ್ದರು. ಆ ಏಟು ಅವತ್ತು ಉಪಯೋಗಕ್ಕೆ ಬಂತು.

ಕಲ್ಲಕ್ಕನನ್ನು ಕೇಳಿದರು, "ಮಚ್ಚು ಅತಿಯಾಗಿ ಹರಿತ ಆಗಿತ್ತಾ, ಮೊಂಡಾಗಿತ್ತಾ?"

"ಏನು ಬೇಕೋ ಬರ್ಕೊಳ್ಳಿ. ಮೊಂಡು ಅಂತ ಮಾತ್ರ ಬರೀಬೇಡಿ."

'ಮಸೆಯುವಲ್ಲಿ ಅಜಾಗರೂಕತೆ' ಎಂದು ಬರೆದರು. ಅವಳು ಸಹಿ ಹಾಕಿದಳು. ವಾರದೊಳಗೆ ಕೆಲಸದಿಂದ ತೆಗೆದರು. ಗೋಣಿಚೀಲದ ಕೆಳಗಿದ್ದ ಸಾಣೆಚಕ್ರ ಮತ್ತೆ ತಿರುಗಿತು. ಈಗ ನಮ್ಮ ಮಚ್ಚುಗಳ ಬಾಯಿ ನವಿಲಿನ ಕತ್ತಿನಂತೆ ನೀಲಿ, ಹರಿತ ಮಧ್ಯಾಹ್ನದವರೆಗೂ ಬರುವುದಿಲ್ಲ. ಹದಿನೆಂಟರಲ್ಲಿ ಹನ್ನೊಂದು ಜನ ಕಾಯಂ ಆದರು. ಎಡಚ ಅದರಲ್ಲೊಬ್ಬ. ಮೂರನೇ ಬೇಡಿಕೆಯನ್ನು ನಮ್ಮ ಸಂಘದ ಗೆಲುವುಗಳ ಪಟ್ಟಿಯಲ್ಲಿ ಈಗಲೂ ಓದುತ್ತಾರೆ.

ವಿಚಾರಣೆಯ ಕಾಗದಗಳಲ್ಲಿ ಕಲ್ಲಕ್ಕ ಸಹಿ ಹಾಕಿದ್ದ ಹಾಳೆಯ ನಕಲು ಮಾತ್ರ ಎಡಚನ ಮನೆಗೆ ಹೋಯಿತು. ಎಡಚನ ಹೇಳಿಕೆ ಕಡತದಲ್ಲೇ ಉಳಿಯಿತು. ಮಗಳು ಓದಿದವಳು. ಹಾಳೆ ಹಿಡಿದುಕೊಂಡು ಅಮ್ಮನ ಬಾಗಿಲಿಗೆ ಬಂದು ಕೇಳಿದ್ದನ್ನು ಓಣಿಯ ಜನವೆಲ್ಲ ಕೇಳಿದೆ.

"ಅವರು ಎಡಗೈ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನೀನು. ಹೆತ್ತ ಮಗಳ ಗಂಡನ ಕೈಗೆ ಯಾವ ಮಚ್ಚು ಹೋಗುತ್ತೆ ಅಂತ ನೋಡಬಾರದಿತ್ತಾ?"

"ಮಚ್ಚು ಸರಿ ಇತ್ತು ಕಣೇ."

"ಸರಿ ಇದ್ರೆ ಇಲ್ಲಿ ನಿನ್ನ ಸಹಿ ಯಾಕಿದೆ?"

ಕಲ್ಲಕ್ಕ ಹಾಳೆ ಮಡಚಿ ವಾಪಸು ಕೊಟ್ಟಳು. ನಿಜ ಹೇಳಿದರೆ ಅಳಿಯ ಸುಳ್ಳು ಹೇಳಿದ್ದು ಹೊರಬರುತ್ತದೆ, ಅದು ಮಗಳ ಬಾಯಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಆಫೀಸಿಗೆ ಹೋಗುತ್ತದೆ. ಅವತ್ತಿನಿಂದ ಮಗಳು ಅಮ್ಮನ ಮನೆಯ ಹೊಸ್ತಿಲು ತುಳಿದಿಲ್ಲ. ಹುಟ್ಟಿದ ಮೊಮ್ಮಗಳನ್ನು ಕಲ್ಲಕ್ಕ ರಸ್ತೆಯ ಆಚೆ ಬದಿಯಿಂದ ನೋಡಿದ್ದಾಳೆ. ಎಡಚ ಅದೆಲ್ಲ ನೋಡುತ್ತಾ ಇದ್ದ. ಹೆಂಡತಿ ಕೇಳಿದರೆ, "ಆಗಿದ್ದಾಯ್ತು, ಬಿಡೇ" ಎನ್ನುತ್ತಿದ್ದ.

ಈಗ ಅವಳು ಸಂತೆಬೀದಿಯಲ್ಲಿ, ಚಪ್ಪಲಿ ಹೊಲಿಯುವವನ ಚಪ್ಪರದ ಕೆಳಗೆ ಕೂರುತ್ತಾಳೆ. ಅದೇ ತರದ ಬೋರಲು ಪೆಟ್ಟಿಗೆ, ನೀರಿಗೆ ಬಣ್ಣದ ಡಬ್ಬ. ಶೆಡ್ಡಿನ ನಯ ಕಲ್ಲು ಸವೆದುಹೋಗಿದೆ ಎಂದು ಸ್ಟೋರಿನವನು ಪುಸ್ತಕದಲ್ಲಿ ಬರೆದು ಬೇರೆ ಕಡೆ ಮುಖ ತಿರುಗಿಸಿದ್ದರಿಂದ ಅದು ಅವಳ ಚೀಲದಲ್ಲಿ ಬಂತು. ಅವಳಿಗೆ ನಮ್ಮಲ್ಲಿ ಯಾರಾದರೂ ಉಪಕಾರ ಮಾಡಿದ್ದರೆ ಅವನೊಬ್ಬನೇ. ಮನೆಯ ಚಾಕು, ಕತ್ತರಿ, ಮಾಂಸದಂಗಡಿಯವನ ಕತ್ತಿ, ಏನೇ ಬಂದರೂ ಮೊದಲ ಪ್ರಶ್ನೆ ಒಂದೇ: "ಯಾವ ಕೈ?" ಜನ ನಗುತ್ತಾರೆ. ಅವಳು ನಗುವುದಿಲ್ಲ.

ಹೋದ ವರ್ಷ ನನ್ನ ಮನೆಯ ಕತ್ತರಿ ಕೊಟ್ಟು ಕಾಯುತ್ತಾ ಕೂತಿದ್ದೆ. ಎಡಚ ಬಂದ. ಪಾದ ಎಳೆಯುವ ಸದ್ದಿಗೇ ಕಲ್ಲಕ್ಕನಿಗೆ ಯಾರೆಂದು ಗೊತ್ತಾಗಿತ್ತು, ತಲೆ ಎತ್ತಲಿಲ್ಲ. ಅವನು ಕ್ಯಾಂಟೀನಿನ ಚಾಕು ಮುಂದಿಟ್ಟ.

"ಚಕ್ರಕ್ಕೆ ಕೊಟ್ಟು ಕೊಟ್ಟು ಹಾಳಾಗಿದೆ ಅತ್ತೆ. ಟೊಮೇಟೊ ಕುಯ್ಯೋಕೆ ಹೋದ್ರೆ ಪಕ್ಕಕ್ಕೆ ಓಡುತ್ತೆ."

"ಯಾವ ಕೈ?"

"ನಿಮಗೆ ಗೊತ್ತಿಲ್ವಾ ಅತ್ತೆ?"

"ಬಂದವರನ್ನೆಲ್ಲ ಕೇಳ್ತೀನಿ. ಯಾವ ಕೈ, ಹೇಳಿ."

ಶೆಡ್ಡಿನ 'ಲೋ ಎಡಚ' ಇರಲಿಲ್ಲ. 'ಹೇಳಿ' ಎಂದಳು. ಅವನು ನನ್ನ ಕಡೆ ನೋಡಿದ, ಅವತ್ತು ಆಫೀಸರನ ಮುಂದೆ ನೋಡಿದ ಹಾಗೆ. ನಾನು ಚಪ್ಪಲಿಗಳನ್ನು ನೋಡಿದೆ.

"ಎಡಗೈ."

"ಕೇಳಿಸ್ಲಿಲ್ಲ."

"ಎಡಗೈ ಅತ್ತೆ."

"ಮಚ್ಚು ಜಾರಿದ್ದು ಆ ಕೈಗೆ, ನಾನು ಮಸೆದಿದ್ದಕ್ಕಲ್ಲ. ಇದನ್ನ ಮನೇಲಿ ಹೇಳಿ. ಆಫೀಸರ್ ಮುಂದೆ ಏನಂದಿರಿ, ಅದನ್ನೂ ಹೇಳಿ. ಈಗ ನಿಮ್ಮ ಕೆಲಸ ಕಾಯಂ, ಯಾರೂ ಕಿತ್ಕೊಳ್ಳಲ್ಲ. ನನ್ನ ಮಗಳೇ ಬಂದು ಚಾಕು ತಗೊಂಡು ಹೋಗ್ಲಿ."

"ಅತ್ತೆ, ನಾಳೆ ಕ್ಯಾಂಟೀನಲ್ಲಿ ಚಾಕು ಎಲ್ಲಿ ಅಂತ ಕೇಳ್ತಾರೆ."

"ಮಸೆಯೋದ್ರಲ್ಲಿ ಏನೋ ಹೆಚ್ಚುಕಮ್ಮಿ ಆಗಿದೆ ಅನ್ನಿ."

ಅವನು ಪಾದ ಎಳೆದುಕೊಂಡು ಹೋದ. ಕಲ್ಲಕ್ಕ ಚಾಕು ಎತ್ತಿಕೊಂಡಳು. ಮಸಿ ಬಳಿದಳು, ನೋಡಿದಳು, ಚಕ್ರ ಸುಟ್ಟಿದ್ದ ನೀಲಿ ಹೋಗುವವರೆಗೂ ನೀರು ಹಾಕಿ ನಿಧಾನಕ್ಕೆ ಉಜ್ಜಿದಳು, ಆಮೇಲೆ ಎಡಮಗ್ಗುಲು ಓರೆ ತೆಗೆದಳು. ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಕತ್ತರಿಯನ್ನು ಮುಟ್ಟಲಿಲ್ಲ. ಒಂದು ಕೆಂಪು ಬಟ್ಟೆಯಲ್ಲಿ ಚಾಕು ಸುತ್ತಿ ಪೆಟ್ಟಿಗೆಯ ಕೆಳಗಿಟ್ಟಳು.

ಮಗಳು ಇವತ್ತಿನವರೆಗೂ ಬಂದಿಲ್ಲ. ಎಡಚ ಬೇರೆ ಚಾಕು ತಂದುಕೊಂಡ ಎಂದು ಕ್ಯಾಂಟೀನಿನಲ್ಲಿ ಹೇಳಿದರು. ವಾರಕ್ಕೊಮ್ಮೆ ಕಲ್ಲಕ್ಕ ಆ ಬಟ್ಟೆ ಬಿಚ್ಚಿ, ಎಣ್ಣೆ ಸವರಿ, ಮತ್ತೆ ಸುತ್ತಿಡುತ್ತಾಳೆ. ಮೊನ್ನೆ ನೋಡಿದೆ. ಒಂದು ಚುಕ್ಕೆ ತುಕ್ಕಿಲ್ಲ.